ತಿರುಪಿನ ಕಚ್ಚು

ಮೊದಲು ನೋಡುವುದು ತಿರುಪು.
ನಳಿಗೆಯಲ್ಲ, ಹೊಳಪಲ್ಲ,
ಮಾರಲು ಬಂದವರ ಮಾತಂತೂ ಅಲ್ಲವೇ ಅಲ್ಲ.
ತಿರುಪಿನ ತಲೆಯ ಕಚ್ಚು ಚೂಪಾಗಿದ್ದರೆ
ಒಳಗೆ ಯಾರ ಕೈಯೂ ಆಡಿಲ್ಲ.
ಅಂಚು ಜಜ್ಜಿದ್ದರೆ ಯಾರೋ ಬಿಚ್ಚಿದ್ದಾರೆ,
ಬಿಚ್ಚಿದವರು ಏನನ್ನೂ ಬದಲಿಸದೆ ಮುಚ್ಚುವುದಿಲ್ಲ.
ನಲವತ್ತು ವರ್ಷದ ಕಸುಬು ಕಲಿಸಿದ್ದು ಇಷ್ಟು.

ಹ್ಯಾನ್‌ಕಾಕ್ ಊರಿನ ಇಳಿಜಾರು ಬೀದಿ.
ಸುಪೀರಿಯರ್ ಸರೋವರದ ಗಾಳಿ
ಬಾಗಿಲಿಗೆ ಹೆಗಲು ಕೊಟ್ಟು ನೂಕುತ್ತಿದ್ದ ಮಧ್ಯಾಹ್ನ
ಮಾರ್ಲೀನ್ ಪೆಲ್ಕೋಲಾ ಬಂದಳು,
ಕಂಬಳಿಯಲ್ಲಿ ಸುತ್ತಿದ ಸ್ಯಾವೇಜ್ ತೊಂಬತ್ತೊಂಬತ್ತನ್ನು
ಕೂಸಿನ ಹಾಗೆ ಮೇಜಿನ ಮೇಲೆ ಮಲಗಿಸಿದಳು.
‘ಅಪ್ಪನದು. ನಮ್ಮನ್ನೆಲ್ಲ ಸಾಕಿದ ಕೋವಿ.
ಗಣಿಯಲ್ಲಿ ಕೆಲಸವಿಲ್ಲದ ವರ್ಷವೂ
ನವೆಂಬರಿಗೊಂದು ಜಿಂಕೆ ತಪ್ಪಲಿಲ್ಲ.
ಎಲ್ಲ ಮೂಲದ್ದೇ ಅಂತ ಬರೆದುಕೊಡಿ.’

ಭೂತಗಾಜು ಹಿಡಿದೆ.
ನಳಿಗೆಗೆ ಕಾಗೆಯ ಕತ್ತಿನ ನೀಲಿ.
ಎಡ ಮಗ್ಗುಲ ಕಿಂಡಿಯಲ್ಲಿ ಹಿತ್ತಾಳೆಯ ಅಂಕಿ,
ಒಳಗೆಷ್ಟು ಗುಂಡಿದೆಯೆಂದು ಹೇಳುವಂಥದ್ದು, ಸೊನ್ನೆಗೆ ನಿಂತಿತ್ತು.
ದುರ್ಬೀನು ಕೂರಿಸಲೆಂದು ಯಾರೂ ತೂತು ಕೊರೆದಿಲ್ಲ.
ಮರ ಉಕ್ಕಿಗಿಂತ ಕೂದಲೆಳೆ ಎತ್ತರ,
ಉಜ್ಜಿ ಎಣ್ಣೆ ಹಚ್ಚಿದ್ದರೆ ತಗ್ಗಬೇಕಿತ್ತು.
ಹಿಮ್ಮಡಿಯ ತಗಡು ಬಿಚ್ಚಿದೆ, ಒಳಗೆ ಕಾರ್ಖಾನೆಯ ಸಂಖ್ಯೆ.
ಮುಂಗೈ ಮರದಲ್ಲೂ ಅದೇ, ಕಬ್ಬಿಣದಲ್ಲೂ ಅದೇ.
ಮೂರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು.

ಆದರೆ ಕೋವಿ ಹೊತ್ತು ಕಾಡು ಸುತ್ತುವವನ ಅಂಗೈ
ಹಿಡಿದಲ್ಲೇ ಹಿಡಿದು ನೀಲಿಯನ್ನು ತಿನ್ನುತ್ತದೆ.
ಇಲ್ಲಿ ತಿಂದಿರಲಿಲ್ಲ.
ನಳಿಗೆಯೊಳಗೆ ಕಣ್ಣಿಟ್ಟೆ: ಕನ್ನಡಿ.
ಹತ್ತು ಗುಂಡು ಹಾರಿದ್ದರೆ ಹೆಚ್ಚು.
ಎಲ್ಲವೂ ಮೂಲ.
ಇಪ್ಪತ್ತು ಚಳಿಗಾಲ ಒಂದು ಮನೆಯನ್ನು ಸಾಕಿದ ಕೋವಿ
ಇಷ್ಟೊಂದು ಮೂಲ ಇರಬಾರದು.

ಗಿರಾಕಿಯ ಅಪ್ಪನನ್ನು ಬಿಚ್ಚಿ ನೋಡುವುದು ನನ್ನ ಕಸುಬಲ್ಲ.
‘ಏನು, ನಕಲಿಯಾ?’
‘ಅಲ್ಲಮ್ಮ, ಕೋವಿ ಅಸಲಿ.’
ಕೋವಿ ಎನ್ನುವಾಗ ದನಿ ಒಂದು ತೂಕ ಜಾಸ್ತಿ ಬಿತ್ತು.

ಅವಳು ಕಿಟಕಿಯಾಚೆ ನೋಡಿದಳು, ತುಂಬ ಹೊತ್ತು.
‘ಟ್ರಕ್ಕಿನಲ್ಲಿ ಇನ್ನೊಂದಿದೆ. ಗುಜರಿ.
ಸೌನಾದ ಹಿಂದೆ, ಸೌದೆ ರಾಶಿಯಲ್ಲಿ ಸಿಕ್ಕಿತು.’

ಗುಜರಿಯೇ. ಕುತ್ತಿಗೆ ಮುರಿದು ತಾಮ್ರದ ತಂತಿ ಸುತ್ತಿದೆ.
ಮುಂಗುರಿಯ ಜಾಗದಲ್ಲಿ ಅರದಲ್ಲಿ ಉಜ್ಜಿದ ಬೆಳ್ಳಿ ನಾಣ್ಯ.
ಮರ ಇನ್ಯಾವುದೋ ಕೋವಿಯದು.
ಅಂಗೈ ಹಿಡಿಯುವಲ್ಲಿ ಉಕ್ಕು ಬೆಳಗಿದ ಪಾತ್ರೆಯ ತಳದಂತೆ ಬಿಳಿ.
ಹಿಮ್ಮಡಿಯ ತಿರುಪುಗಳಂತೂ ನಾಯಿ ಅಗಿದ ಎಲುಬು.
ಬಿಡಿಭಾಗಕ್ಕೆ ಎಪ್ಪತ್ತೈದು ಡಾಲರ್, ಅಂದುಕೊಳ್ಳುತ್ತಲೇ ಬಿಚ್ಚಿದೆ.

ಸಂಖ್ಯೆಯಿರಲಿಲ್ಲ.
ಪೆನ್ಸಿಲಿನಲ್ಲಿ ತಾರೀಖುಗಳಿದ್ದವು,
ವರ್ಷಕ್ಕೊಂದು, ಒಂದರ ಕೆಳಗೊಂದು,
ಜಾಗ ಸಾಲದೆ ಕೊನೆಯವು ಅಂಚಿಗೆ ಹತ್ತಿದ್ದವು.
‘ಏಳರ ನಡುವೆ ಅಡ್ಡಗೀಟು,’ ಎಂದಳು ಮಾರ್ಲೀನ್,
‘ಹಾಗೆ ಬರೆಯುತ್ತಿದ್ದವಳು ಮನೆಯಲ್ಲಿ ಅಮ್ಮ ಒಬ್ಬಳೇ.’
ಬೆರಳು ಇಳಿಯಿತು, ಐವತ್ತೇಳರಲ್ಲಿ ನಿಂತಿತು.
ನವೆಂಬರ್ ಹದಿನೆಂಟು.
‘ನಾನು ಹುಟ್ಟಿದ್ದು ಡಿಸೆಂಬರ್ ಎರಡಕ್ಕೆ.’

ಆಮೇಲೆ, ನನಗಲ್ಲ ಎನ್ನುವಂತೆ:
‘ಅಪ್ಪ ನೆಂಟರೆದುರು ಬೇಟೆಯ ಕಥೆ ಹೇಳುವಾಗ
ಅಮ್ಮ ಕಾಫಿ ಬಗ್ಗಿಸುತ್ತ ನಗುತ್ತಿದ್ದಳು.
ಹೆಮ್ಮೆ ಅಂತ ತಿಳಿದಿದ್ದೆ.’

ಮೊದಲನೆಯದಕ್ಕೆ ಕಾಗದ ಬರೆದುಕೊಟ್ಟೆ, ಸಹಿ, ಮೊಹರು.
ಎರಡನೆಯದರ ಬೆಲೆ ಅವಳು ಕೇಳಲಿಲ್ಲ.
ತಗಡು ಮುಚ್ಚಲು ಹೋದರೆ
ನನ್ನ ಪೆಟ್ಟಿಗೆಯ ಹದಿನಾರು ತಿರುಪುಳಿಗಳಲ್ಲಿ
ಒಂದೂ ಆ ಕಚ್ಚಿನಲ್ಲಿ ಕೂರಲಿಲ್ಲ.
ಅಷ್ಟು ವರ್ಷ ಒಂದೇ ಕೈಗೆ ಒಗ್ಗಿ
ಅದು ಬೇರೆ ಯಾವುದೋ ಆಕಾರಕ್ಕೆ ಅಗಲಿಸಿತ್ತು.
ಒಳಗೆ ಹೋಗಿ ಅಡುಗೆಮನೆಯಿಂದ
ಬೆಣ್ಣೆ ಸವರುವ ಚಾಕು ತಂದೆ.